ಎರಡು ಲೆಕ್ಕ ಎದುರುಬದುರು ಇಟ್ಟಾಗ

ಕೇಳುಗರಿಗೆ ನಮಸ್ಕಾರ. ಬೇರೆ ಬೇರೆ ಶಾಖೆಯ ಗಣಿತ ಸಂಶೋಧಕರು ಜೊತೆಗೂಡಿ ಕೆಲಸ ಮಾಡುವುದು ಹೇಗೆ ಎಂಬುದು ಇವತ್ತಿನ ಮಾತು.

1941ರಲ್ಲಿ ಸಾಂಡರ್ಸ್ ಮ್ಯಾಕ್‌ಲೇನ್ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಉಪನ್ಯಾಸ ಕೊಡಲು ಬಂದರು. ವಯಸ್ಸು ಮೂವತ್ತು ದಾಟಿತ್ತಷ್ಟೆ. ಅವರದು ಬೀಜಗಣಿತ. ಗ್ರೂಪ್ ಎಂದರೆ ಕೂಡುವ ಅಥವಾ ಗುಣಿಸುವಂಥ, ಹಿಂದಕ್ಕೂ ಮರಳಬಹುದಾದ ಒಂದು ಕ್ರಿಯೆ ಇರುವ ಗಣ. ಒಂದು ಗ್ರೂಪನ್ನು ಇನ್ನೊಂದರ ಜೊತೆ ಸೇರಿಸಿ ದೊಡ್ಡ ಗ್ರೂಪ್ ಕಟ್ಟಲು ಎಷ್ಟು ಬೇರೆ ಬೇರೆ ದಾರಿಗಳಿವೆ ಎಂಬುದು ಅವರ ಪ್ರಶ್ನೆ. ಕೇಳುತ್ತಿದ್ದವರಲ್ಲಿ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಇದ್ದರು. 1939ರಲ್ಲಿ ಪೋಲೆಂಡ್ ಬಿಟ್ಟು ಬಂದ, ಇನ್ನೂ ಮೂವತ್ತು ತುಂಬದ ಟೋಪಾಲಜಿಯ ಸಂಶೋಧಕ. ಎಳೆದರೂ ಬಗ್ಗಿಸಿದರೂ ಬದಲಾಗದ ಆಕೃತಿಯ ಗುಣಗಳನ್ನು ನೋಡುವ ಗಣಿತವೇ ಟೋಪಾಲಜಿ. ಮ್ಯಾಕ್‌ಲೇನ್ ತೋರಿಸಿದ ಒಂದು ಉತ್ತರ ಅವರಿಗೆ ಎಲ್ಲೋ ನೋಡಿದಂತೆ ಅನಿಸಿತು. ಸಾಲಿನಾಯ್ಡ್ ಎಂಬ ವಿಚಿತ್ರ ಆಕೃತಿಯ ಬಗ್ಗೆ ನಾರ್ಮನ್ ಸ್ಟೀನ್‌ರಾಡ್ ಮಾಡಿದ್ದ ಲೆಕ್ಕದಲ್ಲೂ ಅದೇ ಗ್ರೂಪ್ ಬಂದಿತ್ತು. ಬೀಜಗಣಿತದ ಲೆಕ್ಕವೊಂದು, ಆಕೃತಿಯ ಲೆಕ್ಕವೊಂದು. ಉತ್ತರ ಮಾತ್ರ ಒಂದೇ. ಯಾಕೆ ಹೀಗೆ ಎಂದು ಇಬ್ಬರೂ ಹುಡುಕತೊಡಗಿದರು. 1942ರ ಅವರ ಜಂಟಿ ಲೇಖನದಿಂದ ಇಂದು ನಾವು ಯೂನಿವರ್ಸಲ್ ಕೋಎಫಿಶಿಯಂಟ್ ಪ್ರಮೇಯ ಎನ್ನುವುದು ಬಂತು, 1945ರ ಲೇಖನದಿಂದ ಕೆಟಗರಿ ಥಿಯರಿ, ಅಂದರೆ ಗಣಿತದ ರಚನೆಗಳ ನಡುವಿನ ಸಂಬಂಧಗಳನ್ನೇ ಅಭ್ಯಾಸ ಮಾಡುವ ಶಾಖೆ.

ಈಗಷ್ಟೇ ಪಿಎಚ್‌ಡಿ ಮುಗಿಸಿದವರು ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಜೊತೆಗೂಡುವ ಮುಂಚೆ ಇಬ್ಬರೂ ಪರಸ್ಪರರ ವಿಷಯವನ್ನು ಪೂರ್ತಿ ಕಲಿತುಕೊಳ್ಳಲಿಲ್ಲ. ಇಬ್ಬರ ಮುಂದೆಯೂ ಕೊನೆಯವರೆಗೆ ಮಾಡಿ ಮುಗಿಸಿದ ಲೆಕ್ಕವೊಂದಿತ್ತು, ಎದುರುಬದುರು ಇಟ್ಟು ನೋಡಿದರು, ಅಷ್ಟೆ. ಹೊಸ ಗುಂಪೊಂದು ಸೇರಿದಾಗ ಮೊದಲ ದಿನ ದೊಡ್ಡ ಊಹೆಗಳನ್ನು ಚರ್ಚಿಸುವುದಕ್ಕಿಂತ, ಪ್ರತಿಯೊಬ್ಬರೂ ತಮ್ಮ ಕಡೆಯ ಅತಿ ಚಿಕ್ಕ ಉದಾಹರಣೆಯನ್ನು ಬೋರ್ಡಿನ ಮೇಲೆ ಕೊನೆಯವರೆಗೆ ಮಾಡಿ ತೋರಿಸುವುದು ಎಷ್ಟೋ ಮೇಲು.

ಇಂಥ ಗುಂಪುಗಳನ್ನು ಬೇಕೆಂದೇ ಕಟ್ಟುವ ಪದ್ಧತಿಯೂ ಬೆಳೆದಿದೆ. ಕೆನಡಾದ ಬಾನ್ಫ್‌ನಲ್ಲಿ 2008ರಲ್ಲಿ ಸಂಖ್ಯಾ ಸಿದ್ಧಾಂತದ (ನಂಬರ್ ಥಿಯರಿ) ಮಹಿಳಾ ಸಂಶೋಧಕರಿಗಾಗಿ ಒಂದು ಕಾರ್ಯಾಗಾರ ನಡೆಯಿತು. ಅದೇ ಮಾದರಿಯಲ್ಲಿ 2013ರಲ್ಲಿ ಅಲ್ಲೇ ಟೋಪಾಲಜಿಯದು. ಅನುಭವಿಗಳು ಪ್ರಶ್ನೆ ಕೊಟ್ಟು ಗುಂಪನ್ನು ನಡೆಸುತ್ತಾರೆ, ಕಿರಿಯರು ಮುಂಚೆಯೇ ಓದಿಕೊಂಡು ಬರುತ್ತಾರೆ, ಒಂದು ವಾರ ಒಟ್ಟಿಗೆ ಕೂರುತ್ತಾರೆ, ಊರಿಗೆ ಮರಳಿದ ಮೇಲೂ ಕೆಲಸ ಮುಂದುವರಿಯುತ್ತದೆ. 2013ರ ಕಾರ್ಯಾಗಾರದ ಲೇಖನಗಳು 2015ರಲ್ಲಿ ಸಂಪುಟವಾಗಿ ಬಂದವು. ನಮ್ಮ ದೇಶದಲ್ಲಿ ಜೊತೆಗಾರರನ್ನು ಹುಡುಕುವವರಿಗೆ ರಾಷ್ಟ್ರೀಯ ಗಣಿತ ಕೇಂದ್ರದ ಶಾಲೆಗಳು, ಬೆಂಗಳೂರಿನ ಸೈದ್ಧಾಂತಿಕ ವಿಜ್ಞಾನ ಕೇಂದ್ರವಾದ ಐಸಿಟಿಎಸ್‌ನ ಕಾರ್ಯಕ್ರಮಗಳು ಒಳ್ಳೆಯ ಜಾಗ.

ಇನ್ನು ಕೆಲಸ ಎಲ್ಲಿ ಕೆಡುತ್ತದೆ ಎಂಬ ಮಾತು. ಹೆಚ್ಚಿನ ಸಲ ಪ್ಲಸ್ಸು ಮೈನಸ್ಸಿನಲ್ಲಿ. ಒಬ್ಬರು ಗ್ರೂಪಿನ ಗುಣಾಕಾರವನ್ನು ಎಡದಿಂದ ಬಲಕ್ಕೆ ಓದುತ್ತಾರೆ, ಇನ್ನೊಬ್ಬರು ಬಲದಿಂದ ಎಡಕ್ಕೆ. ಒಬ್ಬರ ಡಿಫರೆನ್ಶಿಯಲ್, ಅಂದರೆ ಒಂದು ಹಂತದಿಂದ ಪಕ್ಕದ ಹಂತಕ್ಕೆ ಒಯ್ಯುವ ಕ್ರಿಯೆ, ಡಿಗ್ರಿ ಇಳಿಸುತ್ತದೆ, ಇನ್ನೊಬ್ಬರದು ಏರಿಸುತ್ತದೆ. ಎರಡೂ ಸರಿ, ಬೆರೆತಾಗ ತಪ್ಪು.

ಪೆನ್ನು ಕಾಗದ ಕೈಗೆ ಸಿಗುವಂತಿದ್ದರೆ ಒಂದು ಚೌಕ ಬರೆದುಕೊಳ್ಳಿ. ಎದುರುಬದುರು ಅಂಚುಗಳನ್ನು ಅಂಟಿಸಿ ಕ್ಲೈನ್ ಬಾಟಲ್, ಅಂದರೆ ಒಳಗು ಹೊರಗು ಎಂಬ ಭೇದವಿಲ್ಲದ ಮೇಲ್ಮೈ, ಮಾಡೋಣ. ನಾಲ್ಕೂ ಮೂಲೆ ಸೇರಿ ಒಂದೇ ಬಿಂದು. ಅಂಟಿಸಿದ ಮೇಲೆ ಉಳಿಯುವುದು ಎ ಮತ್ತು ಬಿ ಎಂದು ಎರಡು ಅಂಚು. ಮುಖ ಒಂದು. ಮುಖದ ಸುತ್ತ ಒಂದು ಸುತ್ತು ಬಂದರೆ ಸಿಗುವುದು: ಎ, ಬಿ, ಮತ್ತೆ ಎ, ಕೊನೆಗೆ ಹಿಮ್ಮುಖವಾಗಿ ಬಿ. ಬಿ ಎರಡೂ ಹೊಡೆದುಹೋಗಿ ಮುಖದ ಗಡಿ ಎರಡು ಎ ಆಗುತ್ತದೆ. ಗಡಿಯಿಲ್ಲದ ಸುತ್ತುಗಳಲ್ಲಿ, ಇನ್ನೊಂದರ ಗಡಿಯಾದವನ್ನು ಸೊನ್ನೆ ಎಂದೆಣಿಸಿ ಉಳಿಯುವ ಗ್ರೂಪೇ ಹೋಮಾಲಜಿ. ಹಾಗಾಗಿ ಒಂದನೆಯ ಹೋಮಾಲಜಿಯಲ್ಲಿ ಪೂರ್ಣಾಂಕಗಳ ಒಂದು ಪ್ರತಿ, ಜೊತೆಗೆ ಎರಡೇ ಸದಸ್ಯರಿರುವ ಒಂದು ಚಿಕ್ಕ ಗ್ರೂಪ್. ಎರಡನೆಯ ಹೋಮಾಲಜಿ ಸೊನ್ನೆ.

ಈಗ ಎರಡನೆಯ ಸಲ ಬಂದ ಎಗೆ ತಪ್ಪಿ ಮೈನಸ್ ಹಾಕಿದಿರಿ ಅನ್ನಿ. ಗಡಿ ಸೊನ್ನೆಯಾಯಿತು. ಕೈಯಲ್ಲಿರುವುದು ಈಗ ಕ್ಲೈನ್ ಬಾಟಲ್ ಅಲ್ಲ, ಟೋರಸ್, ಅಂದರೆ ನಡುವೆ ತೂತಿರುವ ವಡೆಯ ಮೇಲ್ಮೈ. ಒಂದನೆಯ ಹೋಮಾಲಜಿಯಲ್ಲಿ ಪೂರ್ಣಾಂಕಗಳ ಎರಡು ಪ್ರತಿ, ಎರಡನೆಯದರಲ್ಲಿ ಒಂದು.

ತಾಳೆ ನೋಡಿದರೆ ಸಿಕ್ಕಿಬೀಳುತ್ತದಲ್ಲ ಎನ್ನಬಹುದು. ನೋಡೋಣ. ಆಯ್ಲರ್ ಸಂಖ್ಯೆ: ಒಂದು ಬಿಂದು, ಕಳೆ ಎರಡು ಅಂಚು, ಕೂಡು ಒಂದು ಮುಖ, ಎರಡು ಆಕೃತಿಗೂ ಸೊನ್ನೆ. ಗಡಿಯ ಗಡಿ ಸೊನ್ನೆಯಾಗಬೇಕೆಂಬ ನಿಯಮ: ಇರುವುದೇ ಒಂದು ಬಿಂದು, ಆದ್ದರಿಂದ ಎರಡರಲ್ಲೂ ಪಾಸು. ಚಿಹ್ನೆಯ ಗೋಜು ಬೇಡವೆಂದು ಮಾಡ್ಯುಲೋ 2, ಅಂದರೆ 2ರಿಂದ ಭಾಗಿಸಿ ಉಳಿದ ಶೇಷವನ್ನಷ್ಟೇ ಹಿಡಿದು, ಲೆಕ್ಕ ಹಾಕಿದರೆ ಎರಡು ಎ ಎಂಬುದೇ ಸೊನ್ನೆ, ಅಲ್ಲೂ ಎರಡಕ್ಕೂ ಒಂದೇ ಉತ್ತರ. ಮೂರು ಪರೀಕ್ಷೆ ಮುಗಿದರೂ ತಪ್ಪು ಹಾಗೇ ಕೂತಿದೆ. ಮಾಡ್ಯುಲೋ 3ರಲ್ಲಿ ಮಾಡಿ, ತಕ್ಷಣ ಹೊರಬೀಳುತ್ತದೆ: ಕ್ಲೈನ್ ಬಾಟಲಿನ ಒಂದನೆಯ ಹೋಮಾಲಜಿಯ ಆಯಾಮ 1, ಟೋರಸ್ಸಿನದು 2. ಪೂರ್ಣಾಂಕಗಳ ಉತ್ತರ ಗೊತ್ತಿದ್ದರೆ ಉಳಿದ ಸಹಗುಣಕಗಳದು (ಮಾಡ್ಯುಲೋ 2, ಮಾಡ್ಯುಲೋ 3ರಂಥ ಲೆಕ್ಕಗಳದು) ತಾನಾಗಿ ಬರುತ್ತದೆ ಎನ್ನುತ್ತದೆ ಯೂನಿವರ್ಸಲ್ ಕೋಎಫಿಶಿಯಂಟ್ ಪ್ರಮೇಯ. ಆದರೆ ಒಂದೇ ಸಹಗುಣಕ ಹಿಡಿದು ಪೂರ್ಣಾಂಕಕ್ಕೆ ಮರಳಲು ಆಗುವುದಿಲ್ಲ. ಹಾಗಾಗಿ ತಾಳೆ ನೋಡುವಾಗ ಕನಿಷ್ಠ ಎರಡು ಬೇರೆ ಅವಿಭಾಜ್ಯ ಸಂಖ್ಯೆ ಬಳಸಬೇಕು.

ಇಲ್ಲಿ ಅಂಚು ಎರಡೇ. ನಿಜವಾದ ಸಂಶೋಧನೆಯ ಮ್ಯಾಟ್ರಿಕ್ಸುಗಳಲ್ಲಿ ನೂರಾರು ಸಾಲು ಇರುತ್ತವೆ. ಆದ್ದರಿಂದ ಮುಖ್ಯ ಲೆಕ್ಕವನ್ನು ಇಬ್ಬರು ಬೇರೆ ಬೇರೆ ಕೂತು ಮಾಡಬೇಕು: ಒಬ್ಬರು ಕೈಯಲ್ಲಿ, ಇನ್ನೊಬ್ಬರು ಸೇಜ್ ಅಥವಾ ಮೆಕಾಲೆ 2 ಎಂಬ ಗಣಿತದ ಸಾಫ್ಟ್‌ವೇರಿನಲ್ಲಿ. ಒಬ್ಬರ ಮ್ಯಾಟ್ರಿಕ್ಸನ್ನೇ ಇನ್ನೊಬ್ಬರು ನಕಲು ಮಾಡಿ ಟೈಪಿಸಿದರೆ ತಪ್ಪೂ ನಕಲಾಗುತ್ತದೆ. ಆಕೃತಿಯಿಂದಲೇ ಶುರು ಮಾಡಬೇಕು.

ಬರವಣಿಗೆಯನ್ನು ಫಲಿತಾಂಶ ಬಂದ ಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟ ಗುಂಪು ಸಾಮಾನ್ಯವಾಗಿ ಚದುರುತ್ತದೆ. ಗಣಿತದ ಬರಹ ಜೋಡಿಸುವ ಲೇಟೆಕ್ ಎಂಬ ಸಾಧನದಲ್ಲಿ ಒಂದೇ ಫೈಲು ಮೊದಲ ವಾರದಿಂದಲೇ ಇರಲಿ. ಮೊದಲ ಪುಟದಲ್ಲಿ ಒಪ್ಪಿದ ಸಂಕೇತಗಳು, ದಿಕ್ಕು, ಚಿಹ್ನೆ. ಸಂಕೇತಗಳಿಗೆಲ್ಲ ಮ್ಯಾಕ್ರೊ, ಅಂದರೆ ಒಂದು ಕಡೆ ಬರೆದಿಟ್ಟ ಅಡ್ಡಹೆಸರು, ಮಾಡಿಟ್ಟರೆ ನಾಳೆ ಬದಲಿಸಬೇಕಾದಾಗ ಒಂದು ಸಾಲು ತಿದ್ದಿದರೆ ಸಾಕು. ಪ್ರತಿ ಲೆಮ್ಮಾದ (ಮುಖ್ಯ ಪ್ರಮೇಯಕ್ಕೆ ಬೇಕಾದ ಚಿಕ್ಕ ಪ್ರಮೇಯದ) ಪಕ್ಕ ಅದು ಸಾಧಿತವೋ, ಯಾರು ಪರಿಶೀಲಿಸಿದರು, ಇನ್ನೂ ಊಹೆಯೋ ಎಂದು ಬರೆದಿರಬೇಕು. "ಇದು ಸುಲಭ, ಆಮೇಲೆ ತುಂಬೋಣ" ಎಂದು ಬಿಟ್ಟ ಲೆಮ್ಮಾದಲ್ಲೇ ಲೇಖನ ಕುಸಿಯುವುದು ಹೆಚ್ಚು.

ಹೆಸರಿನ ಮಾತು. ಗಣಿತದಲ್ಲಿ ಲೇಖಕರ ಹೆಸರು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿ ಬರುತ್ತದೆ, ಯಾರು ಎಷ್ಟು ಮಾಡಿದರು ಎಂಬ ಲೆಕ್ಕದಲ್ಲಲ್ಲ. ಬೇರೆ ವಿಜ್ಞಾನಗಳ ಸದಸ್ಯರಿರುವ ಆಯ್ಕೆ ಸಮಿತಿಗೆ ಇದು ತಿಳಿದಿರಲಿಕ್ಕಿಲ್ಲ. ಅರ್ಜಿಯಲ್ಲಿ ಒಂದು ಸಾಲು ಬರೆದು ತಿಳಿಸುವುದು ಕ್ಷೇಮ. ನಡುವೆ ಯಾರಾದರೂ ಕೆಲಸ ಬದಲಿಸಿ ದೂರವಾದರೆ ಹೆಸರು ಉಳಿಯುತ್ತದೆಯೇ ಎಂಬುದನ್ನು ಮನಸ್ಸು ಚೆನ್ನಾಗಿರುವಾಗಲೇ, ಮೊದಲ ತಿಂಗಳಲ್ಲೇ ಮಾತಾಡಿ ಬರೆದಿಟ್ಟುಕೊಳ್ಳಬೇಕು. ಕಿರಿಯರು ಇದನ್ನು ಕೇಳಲು ಸಂಕೋಚಪಡುತ್ತಾರೆ, ಆದ್ದರಿಂದ ಗುಂಪಿನ ಹಿರಿಯರೇ ಮಾತು ತೆಗೆಯುವುದು ಧರ್ಮ.

ಸಂಶೋಧಕರು ಲೇಖನಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಆರ್ಕೈವ್ ಎಂಬ ಜಾಲತಾಣಕ್ಕೆ ಹಾಕುವ ಮುಂಚೆ ಭಾಗಗಳನ್ನು ಅದಲುಬದಲು ಮಾಡಿಕೊಳ್ಳಿ. ಬೀಜಗಣಿತದ ಭಾಗವನ್ನು ಟೋಪಾಲಜಿಯವರು ಓದಲಿ, ಆಕೃತಿಯ ಭಾಗವನ್ನು ಬೀಜಗಣಿತದವರು. ಓದಿದವರು ಎಲ್ಲಿ ನಿಂತು "ಇದು ಹೇಗೆ ಬಂತು" ಎಂದು ಕೇಳುತ್ತಾರೋ ಅಲ್ಲಿ ಒಂದು ಸಾಲು ಸೇರಿಸಿ. ಎಲ್ಲ ಲೇಖಕರೂ ಒಪ್ಪಿದ ಮೇಲೆ ಫೈಲು ಕಳಿಸಿ.

ನಮಸ್ಕಾರ.