ಥೈರಾಯ್ಡ್ ಆಪರೇಷನ್ ಆದ ರಾತ್ರಿ ವಾರ್ಡಿನಲ್ಲಿ ಯಾರಿರುತ್ತಾರೆ?

ನಮಸ್ಕಾರ. ಥೈರಾಯ್ಡ್ ಆಪರೇಷನ್‌ಗೆ ಬರುವವರು ಈಗೀಗ ಮೊದಲು ಕೇಳುವುದು ಇದನ್ನೇ: "ಹಾರ್ಮೋನಿಕ್‌ನಲ್ಲಿ ಮಾಡ್ತೀರಾ, ಇಲ್ಲಾ ಹಳೇ ಥರ ದಾರ ಕಟ್ಟಿ ಮಾಡ್ತೀರಾ?" ಹಾರ್ಮೋನಿಕ್ ಅಂದರೆ ರಕ್ತನಾಳ ಮುಚ್ಚಿ ಕತ್ತರಿಸುವ ಮಶಿನ್. ಹಳೇ ಥರ ಅಂದರೆ ರಕ್ತನಾಳಕ್ಕೆ ದಾರ ಕಟ್ಟಿ ಕತ್ತರಿಸುವುದು. ಆ ಮಶಿನ್ ಒಂದರಿಂದಲೇ ಬಿಲ್ ಸಾವಿರಾರು ರೂಪಾಯಿ ಏರುತ್ತದೆ. ಕೇಳಲೇಬೇಕು ಬಿಡಿ.

ಥೈರಾಯ್ಡ್ ಚಿಕ್ಕ ಗ್ರಂಥಿ. ಆದರೆ ಅದಕ್ಕೆ ಹರಿಯುವ ರಕ್ತ ತುಂಬಾ ಜಾಸ್ತಿ. ಎರಡೂ ಬದಿಗೆ ಮೇಲಿಂದ ಒಂದು, ಕೆಳಗಿಂದ ಒಂದು ರಕ್ತನಾಳ ಬರುತ್ತದೆ. ಪಕ್ಕದಲ್ಲೇ ಧ್ವನಿಯ ನರ ಹಾದುಹೋಗುತ್ತದೆ. ಹಿಂಬದಿಗೆ ಅಂಟಿಕೊಂಡು ಪ್ಯಾರಾಥೈರಾಯ್ಡ್ ಇರುತ್ತದೆ, ಅಂದರೆ ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವ ಪುಟ್ಟ ಗ್ರಂಥಿಗಳು. ರಕ್ತ ಜಿನುಗಿದರೆ ಇವು ಯಾವುವೂ ಸರಿಯಾಗಿ ಕಾಣುವುದಿಲ್ಲ.

1866ರಲ್ಲಿ ಅಮೆರಿಕದ ಸರ್ಜನ್ ಸ್ಯಾಮ್ಯುಯೆಲ್ ಗ್ರಾಸ್ ಈ ಆಪರೇಷನ್ನನ್ನು ಕಟುಕತನ ಎಂದೇ ಕರೆದಿದ್ದರು. ಅದನ್ನು ಬದಲಿಸಿದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡೋರ್ ಕೋಚರ್. ಅವರು ಅವಸರ ಮಾಡುತ್ತಿರಲಿಲ್ಲ. ಒಂದೊಂದೇ ರಕ್ತನಾಳ ಬಿಡಿಸಿ, ಹಿಡಿದು, ಕಟ್ಟಿ, ಆಮೇಲೆ ಕತ್ತರಿಸುತ್ತಿದ್ದರು. ಅವರ ಕೈಯಲ್ಲಿ ಸಾವಿನ ಪ್ರಮಾಣ ಕೊನೆಗೆ ಶೇಕಡ 1ಕ್ಕಿಂತ ಕೆಳಗಿಳಿಯಿತು. 1909ರಲ್ಲಿ ನೊಬೆಲ್ ಬಂತು. ಆಗಿನ್ನೂ ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಇವತ್ತಿನಂಥ ಕಾಟರಿಯೂ ಇರಲಿಲ್ಲ.

ಈಗಿನ ಮಶಿನ್‌ಗಳು ಒಳ್ಳೆಯವೇ. ಹಾರ್ಮೋನಿಕ್‌ನ ತುದಿ ಸೆಕೆಂಡಿಗೆ ಸುಮಾರು 55,000 ಸಲ ಕಂಪಿಸುತ್ತದೆ. ರಕ್ತನಾಳವನ್ನು ಮುಚ್ಚುವುದೂ ಕತ್ತರಿಸುವುದೂ ಒಟ್ಟಿಗೇ ಆಗುತ್ತದೆ. ಲಿಗಾಶ್ಯೂರ್ ಅನ್ನುವ ಇನ್ನೊಂದು ಮಶಿನ್ ಕರೆಂಟ್ ಹರಿಸಿ ರಕ್ತನಾಳದ ಗೋಡೆಗಳನ್ನು ಬೆಸೆಯುತ್ತದೆ, 7 ಮಿಲಿಮೀಟರ್ ದಪ್ಪದವರೆಗೂ. ದಾರದ ಜೊತೆ ಹೋಲಿಸಿದ ಅಧ್ಯಯನಗಳು ಬೇಕಾದಷ್ಟು ಬಂದಿವೆ. ಆಪರೇಷನ್ ಸಮಯ ಉಳಿಯುತ್ತದೆ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷ. ರಕ್ತ ಸ್ವಲ್ಪ ಕಡಿಮೆ ಹೋಗುತ್ತದೆ. ಆದರೆ ಧ್ವನಿಯ ನರಕ್ಕೆ ಪೆಟ್ಟಾಗುವುದು, ಆಮೇಲೆ ಕುತ್ತಿಗೆಯಲ್ಲಿ ರಕ್ತ ಕಟ್ಟುವುದು, ಇವುಗಳಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ.

ಬಿಸಿಯ ವಿಷಯವೂ ಇದೆ. ಕತ್ತರಿಸಿ ಮುಗಿದ ಮೇಲೂ ಮಶಿನ್‌ನ ತುದಿ ಕೆಲವು ಸೆಕೆಂಡು ಸುಡುತ್ತಲೇ ಇರುತ್ತದೆ. ದೊಡ್ಡ ಗಡ್ಡೆಯ ಮೇಲ್ಭಾಗಕ್ಕೆ ಮಶಿನ್ ಬಳಸಲಿ, ಸಂತೋಷ. ನರದ ಹತ್ತಿರ ಬಂದಾಗ ದಾರ ಅಥವಾ ಪುಟ್ಟ ಕ್ಲಿಪ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕಲಿಯುತ್ತಿರುವ ವೈದ್ಯರೂ ಮೊದಲು ಗಂಟು ಹಾಕುವುದನ್ನೇ ಚೆನ್ನಾಗಿ ಕಲಿಯಲಿ. ಮಶಿನ್ ಕೈಕೊಟ್ಟರೆ ಬೆರಳುಗಳೇ ಅಲ್ವಾ ಗತಿ?

ಈಗ ನನಗೆ ನಿಜವಾಗಿ ಚಿಂತೆ ಹುಟ್ಟಿಸುವ ವಿಷಯಕ್ಕೆ ಬರುತ್ತೇನೆ. ಯಾವ ವಿಧಾನ ಬಳಸಿದರೂ ನೂರರಲ್ಲಿ ಸುಮಾರು ಒಬ್ಬರಿಗೆ ಆಪರೇಷನ್ ಆದಮೇಲೆ ಕುತ್ತಿಗೆಯೊಳಗೆ ರಕ್ತ ಕಟ್ಟುತ್ತದೆ. ಹೆಚ್ಚಿನವು ಮೊದಲ 24 ಗಂಟೆಯೊಳಗೇ. ಸೋರುವ ರಕ್ತ ಬಹಳ ಇರಬೇಕಿಲ್ಲ. ಜಾಗ ಇಕ್ಕಟ್ಟು. ಒತ್ತಡ ಏರಿ ಗಂಟಲಿನ ಒಳಭಾಗ ಊದಿಕೊಂಡು ಉಸಿರಿನ ದಾರಿ ಮುಚ್ಚಿಬಿಡುತ್ತದೆ. ಸೋರಿದ ರಕ್ತ ಹೊರಗೆ ಹೋಗಲು ಡ್ರೈನ್ ಪೈಪ್ ಹಾಕಿದ್ದಾರೆ, ಇನ್ನೇನು ಭಯವಿಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ. ಪೈಪಿನಲ್ಲೇ ರಕ್ತ ಹೆಪ್ಪುಗಟ್ಟಬಹುದು.

ಉಸಿರು ಕಟ್ಟುತ್ತಿದ್ದರೆ ಥಿಯೇಟರ್ ಖಾಲಿಯಾಗಲಿ ಎಂದು ಕಾಯಬಾರದು. ಹಾಸಿಗೆಯಲ್ಲೇ ಹೊಲಿಗೆ ಕತ್ತರಿಸಿ, ಚರ್ಮ ಮತ್ತು ಸ್ನಾಯು ಬಿಡಿಸಿ, ಹೆಪ್ಪು ತೆಗೆಯಬೇಕು. ಬ್ರಿಟನ್‌ನ ವೈದ್ಯ ಸಂಘಟನೆಗಳು 2022ರ ಮಾರ್ಗಸೂಚಿಯಲ್ಲಿ ಇದನ್ನೇ ಹಂತ ಹಂತವಾಗಿ ಬರೆದಿವೆ. ಅದಕ್ಕೆ ಬೇಕಾದ ಟ್ರೇ ಹಾಸಿಗೆಯ ಪಕ್ಕದಲ್ಲೇ ಇರಬೇಕು. ರಾತ್ರಿ ಪಾಳಿಯ ನರ್ಸ್‌ಗೂ ಡ್ಯೂಟಿ ಡಾಕ್ಟರ್‌ಗೂ ಆ ತರಬೇತಿ ಆಗಿರಬೇಕು. ದುಬಾರಿ ಮಶಿನ್ ತಂದ ಆಸ್ಪತ್ರೆ ಇದಕ್ಕೂ ಅಷ್ಟೇ ಗಮನ ಕೊಡಬೇಕು.

ಹಾಗಾಗಿ ಮಶಿನ್ ಬಗ್ಗೆ ಕೇಳಿ, ಜೊತೆಗೆ ಇದನ್ನೂ ಕೇಳಿ: ಮೊದಲ ರಾತ್ರಿ ಕುತ್ತಿಗೆಯನ್ನು ಯಾರು, ಎಷ್ಟು ಹೊತ್ತಿಗೊಮ್ಮೆ ನೋಡುತ್ತಾರೆ? ತೊಂದರೆಯಾದರೆ ಹೊಲಿಗೆ ಬಿಚ್ಚುವವರು ಅಲ್ಲೇ ಇರುತ್ತಾರಾ? ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಜೊತೆಯಲ್ಲಿ ಉಳಿದುಕೊಳ್ಳುವವರೇ, ಕುತ್ತಿಗೆ ಬಿಗಿಯುತ್ತಿದೆ ಅಂದರೆ, ಊತ ಕಂಡರೆ, ದನಿ ಬದಲಾದರೆ, ಸುಮ್ಮನೆ ಚಡಪಡಿಸುತ್ತಿದ್ದರೂ ಸರಿ, ತಕ್ಷಣ ನರ್ಸ್‌ನ ಕರೆಯಿರಿ. ಬೆಳಗಾಗಲಿ ಅಂತ ಕಾಯಬೇಡಿ.