ಎಂ, ಎ, ಎನ್: ಮೂರಕ್ಷರದ ಒಳಗೆ ಎಷ್ಟು ಊರು?

ಕೇಳುಗರೆಲ್ಲರಿಗೂ ನಮಸ್ಕಾರ. ಒಲೆ ಮುಂದೆ ಇದ್ದುಕೊಂಡೇ ಕೇಳುತ್ತಿರುವ ತಾಯಂದಿರು, ಡೇರಿಗೆ ಹಾಲು ಹಾಕಿ ಬಂದು ಜಗುಲಿಯ ಮೇಲೆ ಕೂತವರು, ಎಸೆಸೆಲ್ಸಿ ಪುಸ್ತಕ ತೆರೆದಿಟ್ಟುಕೊಂಡು ಕಿವಿಯನ್ನು ಮಾತ್ರ ರೇಡಿಯೊಗೆ ಕೊಟ್ಟಿರುವ ಮಕ್ಕಳು, ನಿಮ್ಮನ್ನೆಲ್ಲ ಕಣ್ಣ ಮುಂದೆ ತಂದುಕೊಂಡು ಮಾತಾಡುತ್ತಿದ್ದೇನೆ. ಮೈಸೂರು ಆಕಾಶವಾಣಿಯವರು ನನಗೆ ಕೊಟ್ಟ ವಿಷಯ ಇಂಗ್ಲಿಷ್ ಪದಗಳ ಹುಟ್ಟು. ಸಿಕ್ಕಿರುವ ಹೊತ್ತಿಗೆ ಅದು ತೀರಾ ದೊಡ್ಡದು. ಹಾಗಾಗಿ ಮೂರೇ ಅಕ್ಷರ ಆರಿಸಿಕೊಂಡಿದ್ದೇನೆ. ಎಂ, ಎ, ಎನ್. ಮ್ಯಾನ್.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಷರ ನೋಡಿ ನೆಂಟಸ್ತಿಕೆ ಕಟ್ಟಬೇಡಿ, ಪದದ ಊರು ಕೇಳಿ. ಮದ್ದೂರು ಬಸ್ ನಿಲ್ದಾಣದಲ್ಲಿ ನಿಂತು ‘ಗೌಡ್ರೇ’ ಅಂತ ಒಂದು ಕೂಗು ಹಾಕಿ. ಹತ್ತು ಜನ ತಿರುಗಿ ನೋಡುತ್ತಾರೆ. ಅವರೆಲ್ಲ ಅಣ್ಣತಮ್ಮಂದಿರೇ? ಒಬ್ಬರು ನಾಗಮಂಗಲದವರು, ಒಬ್ಬರು ಮಳವಳ್ಳಿ ಕಡೆಯವರು, ಇನ್ನೊಬ್ಬರು ಬೆಂಗಳೂರಿಗೆ ಹೋಗುತ್ತಾ ವಡೆ ತಿನ್ನಲು ಇಳಿದವರು. ಇಂಗ್ಲಿಷಿನ ‘ಮ್ಯಾನ್’ ಕಥೆಯೂ ಇಷ್ಟೆ.

ಮಕ್ಕಳಿಂದ ಶುರು ಮಾಡೋಣ. ಒಬ್ಬ ಮನುಷ್ಯ ಮ್ಯಾನ್, ಹಲವರು ಮೆನ್. ಒಬ್ಬಳು ವುಮನ್, ಹಲವರು ವಿಮೆನ್. ಸರಿ. ಹ್ಯೂಮನ್? ಕ್ಲಾಸಿನಲ್ಲಿ ಕೇಳಿದರೆ ಅರ್ಧ ಮಕ್ಕಳು ‘ಹ್ಯೂಮೆನ್’ ಎನ್ನುತ್ತಾರೆ. ಅಲ್ಲಪ್ಪ, ಹ್ಯೂಮನ್ಸ್. ಜರ್ಮನ್, ಜರ್ಮನ್ಸ್. ರೋಮನ್, ರೋಮನ್ಸ್. ಯಾಕೆ ಅಂತ ಯಾರೂ ಹೇಳಿಕೊಡುವುದಿಲ್ಲ, ಬಾಯಿಪಾಠ ಮಾಡು ಎನ್ನುತ್ತಾರೆ. ಬಾಯಿಪಾಠ ಯಾಕೆ ಬೇಕು? ಊರು ಕೇಳಿದರೆ ಸಾಕು. ಮ್ಯಾನ್ ಇಂಗ್ಲಿಷಿನ ಹಳೇ ಮನೆಮಗ. ಸಂಸ್ಕೃತದ ಮನು, ಮನುಜಕ್ಕೂ ಅದಕ್ಕೂ ದೂರದ ಬಳಗ ಉಂಟು. ಹ್ಯೂಮನ್ ಬಂದದ್ದು ಲ್ಯಾಟಿನ್ನಿನ ಹ್ಯುಮಾನುಸ್‌ನಿಂದ. ಅದರ ಬಳಗ ಯಾವುದು ಗೊತ್ತೆ? ಹ್ಯೂಮಸ್. ಮಣ್ಣು ಪರೀಕ್ಷೆ ಮಾಡಿಸಿದ ರೈತರಿಗೆ ಈ ಪದ ಹೊಸದಲ್ಲ. ಎಲೆ, ಸಗಣಿ ಕೊಳೆತು ಮಣ್ಣಿನಲ್ಲಿ ಸೇರಿದ ಕಪ್ಪು ಸತ್ವ. ಲ್ಯಾಟಿನ್ನಿನಲ್ಲಿ ಹ್ಯೂಮಸ್ ಅಂದರೆ ನೆಲ. ದೇವರು ಮೇಲೆ, ನಾವು ನೆಲದವರು. ಆ ‘ಮನ್’ ಒಳಗೆ ಮ್ಯಾನ್ ಇಲ್ಲವೇ ಇಲ್ಲ.

ಹಾಗಾದರೆ ವುಮನ್? ಇಲ್ಲಿ ಮ್ಯಾನ್ ಇದ್ದಾನೆ, ಆದರೆ ನೀವಂದುಕೊಂಡ ಹಾಗಲ್ಲ. ಗಂಡಸಿನಿಂದ ಹೆಂಗಸಿನ ಪದ ಹುಟ್ಟಿತು ಅಂತ ವಾಟ್ಸಾಪಿನಲ್ಲಿ ದಿನಕ್ಕೊಬ್ಬರು ಕಳಿಸುತ್ತಾರೆ, ಜೊತೆಗೆ ಒಂದು ಗುಲಾಬಿ ಹೂವಿನ ಚಿತ್ರ. ದಯವಿಟ್ಟು ನನಗೆ ಕಳಿಸಬೇಡಿ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಮನ್’ ಅಂದರೆ ಬರೀ ಮನುಷ್ಯ, ಗಂಡೂ ಸೈ ಹೆಣ್ಣೂ ಸೈ. ಗಂಡಸಿಗೆ ಬೇರೆ ಪದವಿತ್ತು, ‘ವೆರ್’. ನಮ್ಮ ‘ವೀರ’ ಅದರ ದಾಯಾದಿ. ಹೆಂಗಸಿಗೆ ‘ವೀಫ್’. ಆ ವೀಫ್‌ಗೆ ಮನುಷ್ಯ ಅನ್ನುವ ಮನ್ ಸೇರಿ ವೀಫ್‌ಮನ್, ಸವೆದು ಸವೆದು ವುಮನ್. ವೀಫ್ ಒಂಟಿಯಾಗಿ ಉಳಿದು ಇವತ್ತಿನ ವೈಫ್ ಆಯಿತು. ಆಮೇಲೆ ಮ್ಯಾನ್ ಪದವನ್ನು ಗಂಡಸರು ಪೂರ್ತಿ ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡರು. ವೆರ್ ಕಳೆದುಹೋಯಿತು. ಮನುಷ್ಯ ತೋಳವಾಗುವ ಕಥೆಯ ‘ವೆರ್‌ವುಲ್ಫ್’ನಂಥ ಪದದ ಒಳಗೆ ಇನ್ನೂ ಕೂತಿದೆ.

ಈಗ ನನಗೆ ಬಹಳ ಇಷ್ಟವಾದ ಪದಕ್ಕೆ ಬರುತ್ತೇನೆ. ಗೊಬ್ಬರ. ಮ್ಯಾನ್ಯೂರ್.

ಕೆಲವು ವರ್ಷದ ಹಿಂದೆ ಪಾಂಡವಪುರದ ಹತ್ತಿರ ಒಂದು ಹಳ್ಳಿಯಲ್ಲಿ ಸ್ನೇಹಿತರ ಮನೆಗೆ ಹೋಗಿದ್ದೆ. ನಾಲೆಯಲ್ಲಿ ನೀರು ಬಿಟ್ಟಿದ್ದರು, ಊರೆಲ್ಲ ನಾಟಿಯ ಗಡಿಬಿಡಿ. ಜಗುಲಿಯ ತುಂಬ ಹೊಸ ಗೊಬ್ಬರದ ಚೀಲ. ಹಸಿರು ಬಣ್ಣದ ಪ್ಲಾಸ್ಟಿಕ್ ಚೀಲ, ಬಾಯಿಗೆ ಬಿಳಿ ದಾರದ ಯಂತ್ರದ ಹೊಲಿಗೆ, ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ‘ಆರ್ಗ್ಯಾನಿಕ್ ಮ್ಯಾನ್ಯೂರ್’. ಸ್ನೇಹಿತರ ಮೊಮ್ಮಗ ಆ ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದ. ‘ಮ್ಯಾನ್... ಯುವರ್.’ ಓದಿ ಗಟ್ಟಿಯಾಗಿ ಕನ್ನಡಕ್ಕೂ ಇಳಿಸಿದ: ‘ತಾತ, ನಿನ್ನ ಮನುಷ್ಯ!’

ತಾತ ಆಗ ತಾನೆ ತಿಪ್ಪೆ ಕೆದಕಿ ಬಂದಿದ್ದರು. ಬೆರಳ ಸಂದಿಯಲ್ಲಿ ಸಗಣಿ ಒಣಗಿ ಬಿರುಕು ಬಿಟ್ಟಿತ್ತು. ಅವರು ನನ್ನ ಕಡೆ ತಿರುಗಿ, ‘ಮೇಷ್ಟ್ರೇ, ಇದೇನ್ ಹಿಂಗ್ ಬರ್ದವ್ರೆ? ಗೊಬ್ರುಕ್ಕೂ ಮನ್ಸುಂಗೂ ಏನ್ ಸಮ್ಮಂದ?’ ಅಂದರು.

ನಾನು ಚೀಲದ ಮೇಲೇ ಕೂತುಕೊಂಡು ಹೇಳಿದೆ. ಗೌಡ್ರೇ, ಇದರಲ್ಲಿ ಮನುಷ್ಯ ಇಲ್ಲ, ಕೈ ಇದೆ. ಲ್ಯಾಟಿನ್ ಭಾಷೆಯಲ್ಲಿ ‘ಮಾನುಸ್’ ಅಂದರೆ ಕೈ. ಅದರ ಜೊತೆ ‘ಒಪೆರಾರಿ’, ಅಂದರೆ ಕೆಲಸ ಮಾಡು. ಆಸ್ಪತ್ರೆಯ ಆಪರೇಷನ್ ಅಂತೀವಲ್ಲ, ಅದೇ. ಎರಡೂ ಸೇರಿದರೆ ‘ಕೈಯಾರೆ ಗೇಯು’. ಇದು ಫ್ರೆಂಚರ ಬಾಯಲ್ಲಿ ಮೆತ್ತಗಾಗಿ ಇಂಗ್ಲೆಂಡಿಗೆ ಬಂದಾಗ ಮ್ಯಾನ್ಯೂರ್ ಅನ್ನೋದು ಗೊಬ್ಬರದ ಹೆಸರೇ ಆಗಿರಲಿಲ್ಲ. ಹೊಲ ಗೇಯೋದು, ಭೂಮಿ ನೋಡಿಕೊಳ್ಳೋದು, ಅದಕ್ಕೆ ಮ್ಯಾನ್ಯೂರ್ ಅಂತಿದ್ದರು. ಗೇಯುವವನು ಮಾಡುವ ಕೆಲಸದಲ್ಲಿ ಗೊಬ್ಬರ ಹಾಕೋದೂ ಒಂದು ತಾನೆ? 16ನೇ ಶತಮಾನದ ಹೊತ್ತಿಗೆ ಆ ಹೆಸರು ಕೈಯಿಂದ ಜಾರಿ ಸಗಣಿಯ ಮೇಲೆ ಬಿತ್ತು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸುವ ಪೈಕಿ ಅಲ್ಲ. ಅದೇ ಲ್ಯಾಟಿನ್ ಪದ ಇನ್ನೂರು ವರ್ಷ ಬಿಟ್ಟು, 18ನೇ ಶತಮಾನದಲ್ಲಿ, ಫ್ರಾನ್ಸಿನಿಂದ ಇನ್ನೊಂದು ಸಲ ಇಂಗ್ಲಿಷಿಗೆ ಬಂತು, ಈ ಸಲ ಸೈನ್ಯದ ಬೂಟು ಹಾಕಿಕೊಂಡು. ‘ಮನೂವರ್’. ಪಡೆಯನ್ನು ಹಿಂದೆ ಮುಂದೆ ನಡೆಸುವ ತಂತ್ರ. ಇವತ್ತು ರಾಜಕಾರಣಿ ಹೂಡುವ ಆಟಕ್ಕೂ ಪೇಪರಿನವರು ಅದನ್ನೇ ಬರೆಯುತ್ತಾರೆ. ಗೊಬ್ಬರ, ಯುದ್ಧತಂತ್ರ, ಎರಡೂ ಒಂದೇ ತಾಯಿಯ ಮಕ್ಕಳು ಅಂದಾಗ ತಾತ ನಕ್ಕ ನಗು ಪಕ್ಕದ ಮನೆಗೂ ಕೇಳಿಸಿತು.

ನಕ್ಕು ಮುಗಿಸಿ ಅವರು ಆ ಬಿಳಿ ಹೊಲಿಗೆಯನ್ನು ಉಗುರಿನಲ್ಲಿ ಮೀಟಿದರು. ‘ಹಂಗಾದ್ರೆ ಈ ಚೀಲುದ್ ಮೇಲೆ ಯಾಕ್ ಬರ್ದವ್ರೆ? ಇದುಕ್ಕೆ ಯಾರ್ ಕೈ ಹಾಕವ್ರೆ? ತುಂಬಿರೋದೂ ಮಿಷೀನು, ಹೊಲ್ದಿರೋದೂ ಮಿಷೀನು.’

ನೋಡಿ, ನನಗೆ ಬೇಕಾಗಿದ್ದ ಪ್ರಶ್ನೆ! ಚೀಲವನ್ನು ತಿರುಗಿಸಿದೆ. ಕೆಳಗಡೆ ಸಣ್ಣ ಅಕ್ಷರದಲ್ಲಿ ‘ಮ್ಯಾನುಫ್ಯಾಕ್ಚರ್ಡ್ ಬೈ’ ಅಂತ ಕಂಪನಿಯ ಹೆಸರು. ಮ್ಯಾನುಫ್ಯಾಕ್ಚರ್ ಅಂದರೂ ಕೈಯಲ್ಲಿ ಮಾಡಿದ್ದು ಅಂತಲೇ ಮೂಲ. ಅದೇ ಮಾನುಸ್. ಕೈ ಹೋಗಿ ಯಂತ್ರ ಬಂದರೂ ಪದ ಮಾತ್ರ ಹಳೇ ಪಹಣಿಯನ್ನೇ ಇಟ್ಟುಕೊಂಡಿದೆ. ಮೊಮ್ಮಗ ಆ ಸಂಜೆಯೆಲ್ಲ ಸಿಕ್ಕ ಸಿಕ್ಕ ಪದದಲ್ಲಿ ಕೈ ಹುಡುಕಿದ. ಮ್ಯಾನ್ಯುಸ್ಕ್ರಿಪ್ಟ್, ಕೈಬರಹ. ಸರಿ. ಮ್ಯಾನುಯಲ್, ಕೈಯಲ್ಲಿ ಹಿಡಿಯುವ ಪುಸ್ತಕ. ಸರಿ. ಮ್ಯಾನೇಜರ್? ‘ಮ್ಯಾನ್, ಏಜ್, ಅಂದ್ರೆ ವಯಸ್ಸಾದವನು’ ಅಂದ. ಅಲ್ಲಿಯೂ ಕೈಯೇ. ಇಟಲಿಯಲ್ಲಿ ಕುದುರೆ ಪಳಗಿಸುವವರು ಲಗಾಮು ಹಿಡಿದು ಕುದುರೆಯನ್ನು ನಡೆಸುವುದಕ್ಕೆ ಇದ್ದ ಪದದಿಂದ ಮ್ಯಾನೇಜ್ ಬಂತು. ಬ್ಯಾಂಕಿನ ಮ್ಯಾನೇಜರ್ ಸಾಲದ ಅರ್ಜಿ ಹಿಡಿದು ನಮ್ಮನ್ನು ಅತ್ತಿತ್ತ ನಡೆಸುತ್ತಾರಲ್ಲ, ತಪ್ಪೇನಿಲ್ಲ. ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ, ಅಚ್ಚುಕಟ್ಟಿನವರು ಕಚೇರಿಗೆ ಹೋದರೆ ‘ಕಮಾಂಡ್ ಏರಿಯಾ’ ಅನ್ನುವುದನ್ನು ಕೇಳಿರುತ್ತೀರಿ. ಕಮಾಂಡ್ ಒಳಗೂ ಕೈ: ಲ್ಯಾಟಿನ್ನಿನ ‘ಮಂದಾರೆ’, ಕೈಗೆ ಕೊಡು, ವಹಿಸು. ಡಿಮ್ಯಾಂಡ್ ಕೂಡ ಅದೇ ಮನೆಯದು.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಗೊಬ್ಬರಕ್ಕೆ ಕೂತರೆ ನನ್ನ ಕಥೆ ಯಾವಾಗಲೂ ಹೀಗೇ. ಉಳಿದದ್ದನ್ನು ಓಡಿಸುತ್ತೇನೆ.

ಮ್ಯಾನ್ಷನ್. ದೊಡ್ಡ ಮನೆ. ಇದರಲ್ಲಿ ಮನುಷ್ಯನೂ ಇಲ್ಲ, ಕೈಯೂ ಇಲ್ಲ. ‘ಮಾನೇರೆ’, ಉಳಿ, ತಂಗು. ಪರ್ಮನೆಂಟ್ ಕೆಲಸದ ಪರ್ಮನೆಂಟ್ ಅದರ ಬಳಗ. ನಮ್ಮ ಲಲಿತಮಹಲನ್ನು ತೋರಿಸುವಾಗ ಗೈಡೊಬ್ಬರು ‘ಮ್ಯಾನ್ಷನ್ ಅನ್ನೋದು ನಮ್ಮ ಮನೆಯಿಂದಲೇ ಹೋದದ್ದು’ ಅಂತ ಪ್ರವಾಸಿಗರಿಗೆ ಹೇಳುತ್ತಿದ್ದರು. ಕೇಳಲು ಹಿತ, ಆದರೆ ಸುಳ್ಳು. ಮನೆ ದ್ರಾವಿಡ ಪದ, ತಮಿಳಿನಲ್ಲಿ ಮನೈ. ಅರ್ಥ ಹತ್ತಿರ, ಅಕ್ಷರ ಹತ್ತಿರ, ಊರು ಬೇರೆ. ಊರು ಕೇಳಿ, ಊರು ಕೇಳಿ ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ.

ಹಾಗೆಂದು ನಮ್ಮದು ಏನೂ ಹೋಗಿಲ್ಲವೇ? ಹೋಗಿದೆ. ಮ್ಯಾಂಡರಿನ್, ಚೀನೀ ಭಾಷೆಯ ಹೆಸರು. ಅದು ಚೀನಾದ ಪದವೇ ಅಲ್ಲ. ಸಂಸ್ಕೃತದ ಮಂತ್ರಿ ಹಡಗು ಹತ್ತಿ ಮಲಯ ಸೀಮೆಗೆ ಹೋಗಿ ‘ಮೆಂತೆರಿ’ ಆದ. 1511ರಲ್ಲಿ ಮಲಾಕ್ಕಾ ಹಿಡಿದ ಪೋರ್ಚುಗೀಸರಿಗೆ ತಮ್ಮದೇ ಒಂದು ‘ಮಂದಾರ್’ ಇತ್ತು, ಅಪ್ಪಣೆ ಕೊಡು ಅಂತ, ಆಗಲೇ ಹೇಳಿದ ಮಂದಾರೆಯ ಮಗ. ಇವನನ್ನೂ ಅವನನ್ನೂ ಕಲಸಿ ಚೀನಾದ ಅಧಿಕಾರಿಗಳನ್ನು ಮಂದಾರಿಂ ಎಂದರು. ಅಧಿಕಾರಿಗಳು ಆಡುವ ಭಾಷೆ ಮ್ಯಾಂಡರಿನ್ ಆಯಿತು, ಆಮೇಲೆ ಕಿತ್ತಳೆ ಜಾತಿಯ ಒಂದು ಹಣ್ಣಿಗೂ ಅದೇ ಹೆಸರು ಬಿತ್ತು.

ಹಣ್ಣು ಅಂದಮೇಲೆ ಮ್ಯಾಂಗೊ. ತಮಿಳಿನ ಮಾಂಗಾಯ್, ಮಲಯಾಳದ ಮಾಙ್ಙ, ಅದನ್ನು ಪೋರ್ಚುಗೀಸರು ಮಂಗ ಎಂದರು, ಇಂಗ್ಲಿಷರು ಮ್ಯಾಂಗೊ ಎಂದರು. ಆ ಕೊನೆಯ ‘ಗೊ’ ನಮ್ಮ ಮಾವಿನಕಾಯಿಯ ‘ಕಾಯಿ’ಯೇ. ರಸಪುರಿ ಹಣ್ಣಾಗಿ ಸೋರುತ್ತಿದ್ದರೂ ಇಂಗ್ಲಿಷಿನಲ್ಲಿ ಅದು ಕಾಯಿ.

ಇನ್ನೆರಡು. ದನಕ್ಕೆ ಮೇವು ಹಾಕುವ ಗ್ವಾದಲಿಗೆ ಇಂಗ್ಲಿಷಿನಲ್ಲಿ ಮೇಂಜರ್, ನಾಯಿಯ ಕಜ್ಜಿಗೆ ಮೇಂಜ್. ಎರಡೂ ಫ್ರೆಂಚಿನ ‘ತಿನ್ನು’ ಅನ್ನುವ ಪದದವು. ಒಂದರಲ್ಲಿ ದನ ತಿನ್ನುತ್ತದೆ, ಇನ್ನೊಂದು ನಾಯಿಯನ್ನೇ ತಿನ್ನುತ್ತದೆ.

ಮಕ್ಕಳೇ, ಸ್ಕೂಲಿನ ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಪದದ ಪಕ್ಕದಲ್ಲೋ ಕೊನೆಯಲ್ಲೋ ಚೌಕ ಕಂಸದ ಒಳಗೆ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಎಲ್ ಅಂದರೆ ಲ್ಯಾಟಿನ್, ಎಫ್ ಅಂದರೆ ಫ್ರೆಂಚ್, ಓ ಇ ಅಂದರೆ ಹಳೆಯ ಇಂಗ್ಲಿಷ್. ಎಲ್ಲರೂ ಹಾರಿಸಿ ಓದುವ ಸಾಲು ಅದು. ಟ್ಯಾಲಿಸ್ಮನ್, ಸಾಲಮ್ಯಾಂಡರ್, ಈ ಎರಡನ್ನೂ ಅಲ್ಲಿ ಹುಡುಕಿ. ಆಟೊಮನ್ ಎಂಬ ತುರ್ಕಿ ಸಾಮ್ರಾಜ್ಯದ ಹೆಸರನ್ನೂ ಸೇರಿಸಿಕೊಳ್ಳಿ. ಅದರೊಳಗೆ ಇರುವುದು ಉಸ್ಮಾನ್ ಎಂಬ ದೊರೆ. ಕೆಂಪು ದೀಪ ಮಿಣುಕುತ್ತಿದೆ, ನಮಸ್ಕಾರ.