ಅರುಷಾದಿಂದ ಕಪನೂರಿಗೆ: ಸರಕು ಸಾಗಣೆಯ ಹೊಗೆಯ ಲೆಕ್ಕ

ಎಲ್ಲರಿಗೂ ಶರಣಾರ್ಥಿ.

ಮುಂದಿನ ಸಾಲಿನಲ್ಲಿ ಕೂತಿರುವ ದಾಲ್ ಮಿಲ್ ಮಾಲೀಕರೆ, ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಅಡತಿ ವ್ಯಾಪಾರಿಗಳೆ, ಕುರ್ಚಿ ಖಾಲಿ ಇದ್ದರೂ ಹಿಂದೆ ಗೋಡೆಗೆ ಒರಗಿ ನಿಂತಿರುವ ಲಾರಿ ಮಾಲೀಕರೆ, ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳೆ. ಸಂಘಟಕರು ನನಗೆ ಕೊಟ್ಟ ವಿಷಯ ದೊಡ್ಡದು. ದೇಶದಿಂದ ದೇಶಕ್ಕೆ ಹೋಗುವ ಸರಕಿನ ಸಾಗಣೆ ಪರಿಸರಕ್ಕೆ ಇಷ್ಟು ಭಾರವಾಗದ ಹಾಗೆ ಮಾಡುವುದು ಹೇಗೆ ಎಂಬುದು. ಸಮುದ್ರವೇ ಇಲ್ಲದ ಕಲಬುರಗಿಯಲ್ಲಿ ಹಡಗಿನ ಮಾತು ಯಾಕೆ ಎಂದು ಒಂದಿಬ್ಬರ ಮುಖದಲ್ಲಿ ಕಾಣುತ್ತಿದೆ. ಅದಕ್ಕೇ ತೊಗರಿಯಿಂದ ಶುರು ಮಾಡುತ್ತೇನೆ.

ನಮ್ಮ ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ನಮ್ಮ ಕಪನೂರು ಕೈಗಾರಿಕಾ ಪ್ರದೇಶದ ಕಡೆಯ ಮಿಲ್ಲುಗಳ ಹೊಟ್ಟೆ ನಮ್ಮ ಹೊಲದ ತೊಗರಿಯೊಂದರಿಂದಲೇ ವರ್ಷಪೂರ್ತಿ ತುಂಬುವುದಿಲ್ಲ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಗಂಜಿನಲ್ಲಿ 'ಲೆಮನ್' ಎಂದರೆ ಮ್ಯಾನ್ಮಾರ್ ಮಾಲು. 'ಅರುಷಾ' ಎಂದರೆ ತಾಂಜಾನಿಯಾದ್ದು, ಅರುಷಾ ಅಲ್ಲಿನ ಒಂದು ಊರು. 2016ರಲ್ಲಿ ನಮ್ಮ ಸರ್ಕಾರ ಬೇಳೆಕಾಳು ತರಿಸಲು ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. 2021ರಲ್ಲಿ ತೊಗರಿ ಆಮದನ್ನು ಮುಕ್ತಗೊಳಿಸಿತು. ಇದರಿಂದ ಇಲ್ಲಿನ ರೈತರ ದರಕ್ಕೆ ಬಿದ್ದ ಪೆಟ್ಟಿನ ಮಾತು ಬೇರೆಯೇ ಇದೆ. ಅದಕ್ಕೆ ಇನ್ನೊಂದು ಸಭೆ ಕರೆಯಿರಿ, ನಾನೂ ಬಂದು ಕೂರುತ್ತೇನೆ. ಇವತ್ತಿಗೆ ಆ ಚೀಲ ಹಿಡಿದ ದಾರಿಯನ್ನಷ್ಟೇ ನೋಡೋಣ.

ಮೊಜಾಂಬಿಕ್‌ನ ನಕಾಲಾ ಬಂದರಿನಿಂದ ಮುಂಬೈ ಪಕ್ಕದ ನ್ಹಾವಾ ಶೇವಾಕ್ಕೆ ಸಮುದ್ರದ ದಾರಿ ಸುಮಾರು 5,000 ಕಿಲೋಮೀಟರು. ನ್ಹಾವಾ ಶೇವಾದಿಂದ ಪುಣೆ, ಸೊಲ್ಲಾಪುರದ ಮೇಲೆ ನಮ್ಮೂರಿಗೆ ಸುಮಾರು 500. ಸಮುದ್ರದ ದಾರಿ ಹತ್ತು ಪಟ್ಟು. ಹಾಗಾದರೆ ಹೊಗೆಯೂ ಹತ್ತು ಪಟ್ಟೇ?

ಲಾರಿಯ ಲೆಕ್ಕ ನಿಮ್ಮದೇ ಭಾಷೆಯಲ್ಲಿ ಮಾಡೋಣ. 25 ಟನ್ ಹೇರಿದ ಗಾಡಿ ಲೀಟರಿಗೆ 4 ಕಿಲೋಮೀಟರು ಕೊಡುತ್ತದೆ ಎನ್ನಿ. 500 ಕಿಲೋಮೀಟರಿಗೆ 125 ಲೀಟರು. ತೊಗರಿ ತರಲು ಇಲ್ಲಿಂದ ಖಾಲಿ ಹೋಗಿದ್ದರೆ, ಖಾಲಿ ಗಾಡಿ 5 ಕೊಟ್ಟರೂ ಇನ್ನೊಂದು 100 ಲೀಟರು. ಒಟ್ಟು 225. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗುಣಿಸಿ, 25ರಿಂದ ಭಾಗಿಸಿದರೆ ಟನ್ ತೊಗರಿಗೆ 24 ಕಿಲೋ ಚಿಲ್ಲರೆ. ಅದರಲ್ಲಿ 11 ಕಿಲೋ ಹತ್ತಿರ, ಒಂದು ಕಾಳನ್ನೂ ಹೊರದೆ ಓಡಿದ ಗಾಡಿಯದು.

ಇನ್ನು ಹಡಗು. ಸಾವಿರಾರು ಕಂಟೇನರ್ ಹೊತ್ತ ಹಡಗಿನಲ್ಲಿ, ಬೇಳೆಕಾಳಿನಂಥ ಭಾರದ ಮಾಲಿಗೆ, ಟನ್ನಿಗೆ ಕಿಲೋಮೀಟರಿಗೆ 5ರಿಂದ 10 ಗ್ರಾಂ ಎಂದು ಹಿಡಿಯಬಹುದು. 5,000 ಕಿಲೋಮೀಟರಿಗೆ 25ರಿಂದ 50 ಕಿಲೋ. ನನ್ನದು ಅಂದಾಜಿನ ಲೆಕ್ಕ, ಹಡಗು ಸಣ್ಣದಿದ್ದರೆ ಏರುತ್ತದೆ. ಆದರೂ ಇಡೀ ಹಿಂದೂ ಮಹಾಸಾಗರ ದಾಟಿ ಬಂದ ಹೊಗೆಗೂ, ಸೊಲ್ಲಾಪುರದ ಮೇಲೆ ಬಂದ ಹೊಗೆಗೂ ಹತ್ತು ಪಟ್ಟು ಅಂತರ ಇಲ್ಲವೇ ಇಲ್ಲ. ಕೆಲವು ಸಲ ಸರಿಸಮ. ಹಡಗಿನ ವಿಷಯವನ್ನು ಲಾರಿಯವರ ಮುಂದೆ ಮಾತಾಡಲು ನಾನು ಬಂದದ್ದು ಇದಕ್ಕೇ.

ಹಡಗಿನವರ ಮನೆಯಲ್ಲೂ ಕೆಲಸ ಬೇಕಾದಷ್ಟಿದೆ. ಜಗತ್ತಿನ ವ್ಯಾಪಾರದ ಮಾಲಿನಲ್ಲಿ ತೂಕದ ಲೆಕ್ಕಕ್ಕೆ ಶೇ 80ಕ್ಕೂ ಹೆಚ್ಚು ಸಮುದ್ರದ ಮೇಲೆಯೇ ಹೋಗುತ್ತದೆ. ಜಗತ್ತಿನ ಹೊಗೆಯಲ್ಲಿ ಅದರ ಪಾಲು ಶೇ 3ರ ಹತ್ತಿರ. 2020ರ ಜನವರಿಯಿಂದ ಹಡಗಿನ ಎಣ್ಣೆಯಲ್ಲಿ ಗಂಧಕ ಶೇ 3.5 ಇದ್ದದ್ದು ಶೇ 0.5ಕ್ಕೆ ಇಳಿಯಲೇಬೇಕಾಯಿತು. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2023ರಲ್ಲಿ, 2050ರ ಆಸುಪಾಸಿಗೆ ಹೊಗೆಯನ್ನು ನಿವ್ವಳ ಸೊನ್ನೆಗೆ ತರುವ ಗುರಿ ಇಟ್ಟುಕೊಂಡಿತು. ಗುರಿ ಇಟ್ಟರೆ ಸಾಲದು, ದಂಡ ಯಾರು ಕಟ್ಟಬೇಕು ಎಂಬುದು ತೀರ್ಮಾನವಾಗಬೇಕಲ್ಲ. ಅದಕ್ಕೊಂದು ಚೌಕಟ್ಟು 2025ರ ಏಪ್ರಿಲ್‌ನಲ್ಲಿ ತಯಾರಾಯಿತು. ಅಕ್ಟೋಬರ್‌ನಲ್ಲಿ ಅಂಗೀಕಾರಕ್ಕೆ ಬಂದಾಗ ದೊಡ್ಡ ದೇಶಗಳ ಹಗ್ಗಜಗ್ಗಾಟದಲ್ಲಿ ಒಂದು ವರ್ಷ ಮುಂದೆ ಹೋಯಿತು. ಯುರೋಪಿನವರು ಕಾಯಲಿಲ್ಲ. ತಮ್ಮ ಬಂದರಿಗೆ ಬರುವ ದೊಡ್ಡ ಹಡಗುಗಳಿಂದ 2024ರ ಹೊಗೆಗೇ ಬೆಲೆ ಕಟ್ಟಿಸಲು ಶುರು ಮಾಡಿದರು.

ಇಂಧನದ ಬಗ್ಗೆ ಪತ್ರಿಕೆಗಳಲ್ಲಿ ದಿನಕ್ಕೊಂದು ಸುದ್ದಿ. ಮೆಥನಾಲ್‌ನಿಂದ ನಡೆಯುವ ಕಂಟೇನರ್ ಹಡಗು 2023ರಿಂದ ಓಡುತ್ತಿದೆ, ಆದರೆ ಹಸಿರು ಮೆಥನಾಲ್ ಬೇಕಾದಷ್ಟು ಸಿಗುವುದಿಲ್ಲ. ಅಮೋನಿಯಾ ಸೋರಿದರೆ ಹಡಗಿನಲ್ಲಿರುವ ಜನರ ಗತಿ ಏನು ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ದ್ರವೀಕೃತ ನೈಸರ್ಗಿಕ ಅನಿಲವನ್ನು ಸ್ವಚ್ಛ ಎಂದು ಮಾರುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಎಂಜಿನ್‌ನಲ್ಲಿ ಉರಿಯದೆ ನುಸುಳಿಹೋಗುವ ಮೀಥೇನ್, 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಭೂಮಿಯನ್ನು ಕಾಯಿಸುತ್ತದೆ.

ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವಸರ. ಹಡಗಿನ ವೇಗ ಶೇ 10 ಇಳಿಸಿದರೆ ಎಂಜಿನ್‌ಗೆ ಬೇಕಾದ ಶಕ್ತಿ ಶೇ 27ರಷ್ಟು ಇಳಿಯುತ್ತದೆ. ಪ್ರಯಾಣ ಸ್ವಲ್ಪ ಉದ್ದವಾಗುವುದನ್ನು ಕಳೆದರೂ, ಒಂದು ಸಲ ಹೋಗಿಬರುವ ಎಣ್ಣೆಯಲ್ಲಿ ಐದನೇ ಒಂದು ಭಾಗ ಉಳಿಯುತ್ತದೆ. ಹೊಸ ಯಂತ್ರ ಬೇಡ, ಹೊಸ ಇಂಧನ ಬೇಡ. ಆದರೂ ಯಾಕೆ ಮಾಡುವುದಿಲ್ಲ? ಹಡಗನ್ನು ಬಾಡಿಗೆಗೆ ಕೊಡುವ ಹಳೆಯ ಕರಾರಿನಲ್ಲಿ 'ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಹೋಗತಕ್ಕದ್ದು' ಎಂಬರ್ಥದ ಕಲಮು ಇರುತ್ತದೆ. ಎಷ್ಟೋ ಬಂದರಿನಲ್ಲಿ ಮೊದಲು ಬಂದವನಿಗೆ ಮೊದಲ ಸರದಿ. ಹೀಗಾಗಿ ಕ್ಯಾಪ್ಟನ್ ಎಣ್ಣೆ ಸುಟ್ಟುಕೊಂಡು ಓಡಿಬರುತ್ತಾನೆ, ಬಂದರಿನ ಹೊರಗೆ ಲಂಗರು ಹಾಕಿ ದಿನಗಟ್ಟಲೆ ನಿಲ್ಲುತ್ತಾನೆ. ಖಾಲಿ ಮಾಡಲು ತಡವಾದರೆ ಡೆಮರೇಜ್, ಅಂದರೆ ತಡದ ದಂಡ, ಹಡಗಿನ ಮಾಲೀಕನ ಜೇಬಿಗೇ ಬರುತ್ತದೆ. ಗೂಡ್ಸ್ ಶೆಡ್ಡಿನಲ್ಲಿ ರೈಲ್ವೆಗೆ ಡೆಮರೇಜ್ ಕಟ್ಟಿದವರಿಗೆ ಈ ಲಾಭದ ರುಚಿ ಯಾವ ಕಡೆಗಿದೆ ಎಂದು ನಾನು ಹೇಳಬೇಕಿಲ್ಲ.

ಅವಸರ ಮೊದಲಿನಿಂದ ಇದ್ದದ್ದಲ್ಲ. ರಷ್ಯಾದ ತ್ವೇರ್ ಊರಿನ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ 15ನೇ ಶತಮಾನದಲ್ಲಿ ಹೊರ್ಮುಜ್‌ನಿಂದ ಒಂದು ಕುದುರೆ ಹಡಗಿಗೆ ಹತ್ತಿಸಿಕೊಂಡು ಚೌಲ್ ಬಂದರಿಗೆ ಬಂದ. ಅಲ್ಲಿಂದ ಘಟ್ಟ ಹತ್ತಿ ಬೀದರಿಗೆ ಬಂದು ಅದನ್ನು ಮಾರಿದ. ಆಗ ಅಲ್ಲಿ ಬಹಮನಿ ಸುಲ್ತಾನರ ವಜೀರ ಮಹಮೂದ್ ಗವಾನನ ಆಡಳಿತ. ಆತನೂ ಇರಾನಿನ ಗೀಲಾನ್ ಕಡೆಯಿಂದ ವ್ಯಾಪಾರಕ್ಕೆಂದು ಬಂದವನೇ. ಚೌಲ್ ಇರುವುದು ಇವತ್ತಿನ ರಾಯಗಡ ಜಿಲ್ಲೆಯಲ್ಲಿ, ನ್ಹಾವಾ ಶೇವಾ ಇರುವುದೂ ಅದೇ ಜಿಲ್ಲೆಯಲ್ಲಿ. ನಮ್ಮ ಸೀಮೆಗೆ ಪರದೇಶದ ಮಾಲು ಬರುವ ಬಾಗಿಲು ಐನೂರು ವರ್ಷದಲ್ಲಿ ಹೆಚ್ಚು ಸರಿದಿಲ್ಲ. ಆ ಹಡಗುಗಳು ಮುಂಗಾರಿನ ಗಾಳಿಯ ಋತು ನೋಡಿ ಹೊರಡುತ್ತಿದ್ದವು. ಈಗ ಮತ್ತೆ ಕೆಲವು ಸರಕು ಹಡಗುಗಳ ಮೇಲೆ ಉಕ್ಕಿನ ಎತ್ತರದ ಪಟ ನಿಲ್ಲಿಸಿ, ಗಾಳಿಯಿಂದ ಒಂದಷ್ಟು ಎಣ್ಣೆ ಉಳಿಸುತ್ತಿದ್ದಾರೆ.

ಹಡಗು ನಮ್ಮ ಕೈಯಲ್ಲಿಲ್ಲ. ನ್ಹಾವಾ ಶೇವಾದಿಂದ ಈಚೆಗೆ ಬರೋಣ.

ರೈಲಿನಲ್ಲಿ ತನ್ನಿ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಸೊಲ್ಲಾಪುರದಿಂದ ನಮ್ಮೂರ ಮೇಲೆ ವಾಡಿಯವರೆಗೆ ಹಳಿ ಜೋಡಿಯಾಗಿದೆ, ಮೇಲೆ ವಿದ್ಯುತ್ ತಂತಿಯೂ ಬಂದಿದೆ. ಕರೆಂಟಿನ ಬಹುಪಾಲು ಕಲ್ಲಿದ್ದಲಿನದೇ ಆದರೂ, ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ತಗಲುವ ಶಕ್ತಿ ಡಾಂಬರಿನ ಮೇಲೆ ಟೈರು ಉರುಳುವುದಕ್ಕಿಂತ ಎಷ್ಟೋ ಕಡಿಮೆ. ಆದರೆ ಕಂಟೇನರ್ ರೇಕ್ ಎಂದರೆ 45 ವ್ಯಾಗನ್, ಇಪ್ಪತ್ತಡಿಯ 90 ಡಬ್ಬಿ, ಎರಡು ಸಾವಿರ ಟನ್ನಿಗೂ ಹೆಚ್ಚು ತೊಗರಿ. ಯಾವ ಮಿಲ್ಲಿಗೆ ಒಂದೇ ಏಟಿಗೆ ಅಷ್ಟು ಬೇಕು? ಅಲ್ಲಿ ಏರಿಸುವ ಹಮಾಲಿ, ಇಲ್ಲಿ ಇಳಿಸಿ ಮತ್ತೆ ಲಾರಿಗೆ ಏರಿಸುವ ಹಮಾಲಿ, ಇದರ ಮೇಲೆ ಚೀಲ ಹರಿದು ಆಗುವ ನಷ್ಟ. 500 ಕಿಲೋಮೀಟರಿಗೆ ಈ ಲೆಕ್ಕ ಅಷ್ಟಕ್ಕಷ್ಟೆ. ಹತ್ತು ಮಿಲ್ಲಿನವರು ಸೇರಿ ಒಂದು ರೇಕ್ ತರಿಸಿದರೆ ಕೂಡಿಬರಬಹುದು. ಆದರೆ ಹತ್ತು ಮಿಲ್ಲಿನವರು ಒಬ್ಬರಿಗೊಬ್ಬರು ಖರೀದಿ ದರ ಹೇಳಿಕೊಳ್ಳುತ್ತಾರೆಯೇ ಎಂಬುದನ್ನು ನೀವೇ ನನಗೆ ಹೇಳಬೇಕು. ನಗುತ್ತಿದ್ದೀರಿ, ಉತ್ತರ ಸಿಕ್ಕಿತು.

ಹಾಗಾಗಿ ನನ್ನ ಒತ್ತು ರಿಟರ್ನ್ ಲೋಡಿನ ಮೇಲೆ. ಇಲ್ಲಿಂದ ಬೇಳೆ ಹೇರಿದ ಗಾಡಿ ಮುಂಬೈ ಕಡೆ ಹೋಗಿ ವಾಶಿಯ ಧಾನ್ಯ ಮಾರುಕಟ್ಟೆಯಲ್ಲಿ ಇಳಿಸುತ್ತದೆ. ಆಮದಿನ ತೊಗರಿ ಇರುವುದು ನ್ಹಾವಾ ಶೇವಾದ ಸುತ್ತಲಿನ ಗೋದಾಮುಗಳಲ್ಲಿ, ವಾಶಿಯಿಂದ ಒಂದು ತಾಸಿನ ದಾರಿ. ಬೇಳೆ ಇಳಿಸಿದ ಗಾಡಿಯೇ ತೊಗರಿ ತುಂಬಿಕೊಂಡು ಬಂದರೆ ಮೇಲಿನ 11 ಕಿಲೋ ಅಳಿಸಿಹೋಗುತ್ತದೆ. ಆದರೂ ಬೇಳೆ ಇಳಿಸಿದ ಎಷ್ಟೋ ಗಾಡಿ ಬೇರೆ ದಿಕ್ಕಿಗೆ ಹೋಗುತ್ತವೆ, ಇಲ್ಲಿಂದ ಬೇರೆ ಗಾಡಿ ಖಾಲಿ ಹೊರಡುತ್ತದೆ.

ಕಾರಣ ಮಾಲು ಯಾವಾಗ ಬಿಡುಗಡೆಯಾಗುತ್ತದೆ ಎಂಬುದು ಗಾಡಿಯವನಿಗೆ ತಿಳಿಯದಿರುವುದು. ಆಮದಿನ ಕಾಳು ಬಂದರಿಗೆ ಬಿದ್ದ ಕೂಡಲೇ ಕೈಗೆ ಸಿಗುವುದಿಲ್ಲ. ಕಸ್ಟಮ್ಸ್ ಕಾಗದ ಆಗಬೇಕು. ಹುಳು, ಕಳೆಬೀಜ ಇಲ್ಲವೆಂದು ಸಸ್ಯ ಸಂಗರೋಧದವರು ನೋಡಬೇಕು. ಆಹಾರ ಸುರಕ್ಷತೆಯ ಮಾದರಿ ಪರೀಕ್ಷೆಗೆ ಹೋಗಬೇಕು. ಬೇಕಾದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಬೇಕು. ಈ ಅನಿಲ ಓಝೋನ್ ಪದರಕ್ಕೆ ಕೇಡು ಎಂದು ಜಗತ್ತು ಬೇರೆ ಕೆಲಸಕ್ಕೆ ನಿಲ್ಲಿಸಿದರೂ, ಇದೊಂದು ಕೆಲಸಕ್ಕೆ ವಿನಾಯಿತಿ ಉಳಿಸಿಕೊಂಡಿದೆ. ಇಷ್ಟೆಲ್ಲ ಮುಗಿದ ಮೇಲೆ ಮಾಲು ಬಿಟ್ಟುಕೊಡುವ ಡೆಲಿವರಿ ಆರ್ಡರ್. ಆ ಕಡೆಯ ಗೋದಾಮೊಂದರ ಗೇಟಿನಲ್ಲಿ ನಾನು ಕಂಡ ನಮ್ಮ ಆಳಂದ ಕಡೆಯ ಡ್ರೈವರ್ ಒಬ್ಬರು ತಾಡಪತ್ರಿ ಮಡಚಿಟ್ಟು ಅದರ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. 'ಯಾವಾಗ ತುಂಬ್ತಾರ?' ಎಂದರೆ 'ಇವತ್ತ ಅಂತಾರ, ನಾಳಿ ಅಂತಾರ. ಖಾಲಿ ಗಾಡಿ ಓಡ್ಸೋದಕಿಂತ ನಿಂದ್ರಸೋದೇ ಪಾಡ ಅದರಿ ಸರ, ಆದ್ರ ಮಾಲೀಕರ ಕಂತು ನಿಂದ್ರಂಗಿಲ್ಲಲ್ಲ' ಎಂದರು. ಬಂದರಿನ ಹೊರಗೆ ಹಡಗು, ಗೇಟಿನ ಹೊರಗೆ ಲಾರಿ. ರೋಗ ಒಂದೇ.

ಬಿಡುಗಡೆಯ ದಿನವನ್ನು ಎರಡು ದಿನ ಮೊದಲೇ ಗಾಡಿಯವನಿಗೆ ತಿಳಿಸುವ ವ್ಯವಸ್ಥೆ ಆದರೆ ಅರ್ಧ ಕೆಲಸ ಆದಂತೆ. ಇದಕ್ಕೆ ಉಪಗ್ರಹ ಬೇಡ, ಮಿಲ್ಲಿನವರ ಮತ್ತು ಟ್ರಾನ್ಸ್‌ಪೋರ್ಟಿನವರ ಒಂದು ವಾಟ್ಸಾಪ್ ಗುಂಪು ಸಾಕು. ಒಂದು ಎಚ್ಚರಿಕೆ: ಖಾಲಿ ಗಾಡಿ ಸಿಕ್ಕಿತೆಂದು ಯಾವುದಕ್ಕೂ ಯಾವುದನ್ನೂ ಹೇರಬೇಡಿ. ವಾಡಿಯಿಂದ ಸಿಮೆಂಟು ಹೊತ್ತು ಹೋದ ಗಾಡಿಯನ್ನು ತೊಳೆದು ಒಣಗಿಸದೆ ಕಾಳು ತುಂಬಿದರೆ ಮಾಲು ವಾಪಸ್ ಬರುತ್ತದೆ. ಗೊಬ್ಬರ, ಕೀಟನಾಶಕ ಹೊತ್ತದ್ದಂತೂ ಬೇಡವೇ ಬೇಡ. ಶಹಾಬಾದ್ ಕಲ್ಲು ಹೊತ್ತು ಹೋದ ಗಾಡಿಯಾದರೆ ಗುಡಿಸಿದರೆ ಸಾಕು, ಆದರೆ ಗಾಡಿಯ ಹಲಗೆಯ ಮೇಲೆ ಕಲ್ಲಿನ ಚೂಪು ಚೂರು ಉಳಿದರೆ ತಳದ ಚೀಲ ಹರಿಯುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹಚ್ಚುತ್ತೇನೆ. ಸಾಗಣೆಯ ಹೊಗೆಯನ್ನು ಲೆಕ್ಕ ಹಾಕಲು 2023ರಲ್ಲಿ ಐಎಸ್‌ಒ 14083 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಖಾಲಿ ಓಡಾಟವನ್ನೂ ಮಾಲಿನ ಖಾತೆಗೇ ಬರೆಯಬೇಕು ಎನ್ನುತ್ತದೆ ಅದು. ಹೊರದೇಶದ ದೊಡ್ಡ ಖರೀದಿದಾರರು ಈ ಲೆಕ್ಕ ಕೇಳತೊಡಗಿದ್ದಾರೆ. ನಮ್ಮ ಬೇಳೆ ಹೊರಗೆ ಕಳಿಸುವವರನ್ನೂ ಇವತ್ತಲ್ಲ ನಾಳೆ ಕೇಳುತ್ತಾರೆ. ಮರ ನೆಟ್ಟಿದ್ದೇವೆ ಎಂಬ ಸರ್ಟಿಫಿಕೇಟು ಕೊಂಡು ತೋರಿಸುವ ಅಡ್ಡದಾರಿ ಬಹಳ ದಿನ ನಡೆಯಲಾರದು. ಒಂದು ಮಿಲ್ಲು ಆರಿಸಿಕೊಳ್ಳಿ, ಒಂದು ತಿಂಗಳ ಬಿಲ್ಟಿಗಳನ್ನು, ಅಂದರೆ ಲಾರಿ ಸಾಗಣೆಯ ರಸೀದಿಗಳನ್ನು, ಮುಂದಿಟ್ಟುಕೊಳ್ಳಿ. ಪ್ರತಿಯೊಂದರ ಬೆನ್ನಿಗೆ ಮೂರು ಸಂಖ್ಯೆ ಬರೆಯಿರಿ: ಎಷ್ಟು ಲೀಟರ್ ಡೀಸೆಲ್, ಎಷ್ಟು ಕಿಲೋಮೀಟರು ಖಾಲಿ, ಎಷ್ಟು ತಾಸು ಗೇಟಿನಲ್ಲಿ. ಮೊದಲನೆಯದು ಮಾಲೀಕರ ಹತ್ತಿರ ಸಿಗುತ್ತದೆ. ಉಳಿದೆರಡನ್ನು ಡ್ರೈವರ್‌ಗಳನ್ನು ಕೇಳಿ, ಆಫೀಸಿನಲ್ಲಿ ಅದರ ದಾಖಲೆ ಇರುವುದಿಲ್ಲ.

ಇನ್ನು ಪ್ರಶ್ನೆಗಳು. ಲಾರಿಯವರು ಮೊದಲು ಕೇಳಲಿ, ಅವರಿಗೆ ಸಂಜೆ ಲೋಡಿಂಗ್ ಇದೆಯಂತೆ.